ಕುಡಿತ ಬಿಟ್ಟು 18 ದಿನ, ನಿದ್ದೆ ಇಲ್ಲ ಎಂದ ಅಣ್ಣನಿಗೆ

ಅಣ್ಣಾ, ನೀವು ಈ ಗುಂಪಿನಲ್ಲಿ ಕೇಳಿದ್ದು ರೇಷ್ಮೆ ಹುಳಕ್ಕೆ ರಾತ್ರಿಯ ಕೊನೆಯ ಹಿಪ್ಪುನೇರಳೆ ಸೊಪ್ಪು ಎಷ್ಟು ಗಂಟೆಗೆ ಹಾಕಬೇಕು ಅಂತ. ಅದರ ಕೆಳಗೇ ಇನ್ನೊಂದು ಮಾತು ಸೇರಿಸಿದ್ದೀರಿ: ಕುಡಿಯೋದು ಬಿಟ್ಟು 18 ದಿನ ಆಯ್ತು, ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ, ಹೆಂಗೂ ಎಚ್ಚರ ಇರುತ್ತೇನೆ, ಒಂದು ಗಂಟೆಗೂ ಎದ್ದು ಸೊಪ್ಪು ಹಾಕಲಾ, ಇಲ್ಲ ಒಂದು ನೈಂಟಿ ಹಾಕಿ ಮಲಗಲಾ ಅಂತ. ನಾಲ್ಕು ಜನ ನಗುವ ಗುರುತು ಹಾಕಿ ಹೋಗಿದ್ದಾರೆ. ನನಗೆ ನಗು ಬರಲಿಲ್ಲ. ಸೊಪ್ಪಿನ ವಿಷಯ ಕೊನೆಗೆ ಹೇಳುತ್ತೇನೆ.

ನಾನೂ ಶಿಡ್ಲಘಟ್ಟದ ಕಡೆಯವನೇ. ಬಿಟ್ಟು ಆರು ವರ್ಷ ಆಯ್ತು. ಮೊದಲು ಗೂಡು ಮಾರಿದ ದಿನ ಮಾತ್ರ ಅಂತ ಶುರುವಾಗಿದ್ದು, ಆಮೇಲೆ ಗೂಡಿದ್ದರೂ ಒಂದು ಕ್ವಾರ್ಟರ್, ಇಲ್ಲದಿದ್ದರೂ ಒಂದು ಕ್ವಾರ್ಟರ್. ಒಂದು ಸಲ ಹುಳ ಹಣ್ಣಾಗಿ ಗೂಡು ಕಟ್ಟೋಕೆ ತಯಾರಾದ ರಾತ್ರಿಯೇ ನಾನು ಶೆಡ್ಡಿನ ಮುಂದೆ ಮಗುಚಿ ಬಿದ್ದಿದ್ದೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಹುಳ ಗೂಡು ಕಟ್ಟಿಸುವ ಚಂದ್ರಿಕೆಗೆ ಹೋಗದೆ ಕಡ್ಡಿ, ಕಸದ ನಡುವೆಯೇ ಗೂಡು ಕಟ್ಟಿಕೊಂಡಿದ್ದವು. ಆ ಗೂಡಿಗೆ ಬಂದ ರೇಟು ಹೇಳಿಕೊಳ್ಳುವಂಥದ್ದಲ್ಲ.

ಬಿಟ್ಟ ಮೇಲೆ ನನಗೂ ನಿದ್ದೆಯೇ ದೊಡ್ಡ ಕಾಟ. ಕುಡಿಯಬೇಕು ಅನ್ನೋ ಆಸೆಯನ್ನು ತಡೆದುಕೊಳ್ಳಬಹುದಿತ್ತು, ರಾತ್ರಿ ಮೂರು ಗಂಟೆಗೆ ಸೂರು ನೋಡಿಕೊಂಡು ಮಲಗಿರೋದನ್ನು ತಡೆಯೋಕೆ ಆಗಲಿಲ್ಲ. 22ನೇ ದಿನ ನಿಮ್ಮ ಹಾಗೇ ಲೆಕ್ಕ ಹಾಕಿದೆ. ಒಂದೇ ಒಂದು ನೈಂಟಿ, ಬರೀ ನಿದ್ದೆಗೆ. ಹತ್ತು ನಿಮಿಷದಲ್ಲಿ ನಿದ್ದೆ ಬಂತು, ಸುಳ್ಳು ಹೇಳಲ್ಲ. ಎರಡು ಗಂಟೆಗೆ ಎದೆ ಡವಡವ ಅಂತ ಎಚ್ಚರವಾಯ್ತು, ಬೆಳಗಿನವರೆಗೆ ಮತ್ತೆ ಕಣ್ಣು ಮುಚ್ಚಲಿಲ್ಲ. ಮಾರನೇ ದಿನ ನೈಂಟಿ ಸಾಲಲಿಲ್ಲ. ವಾರದಲ್ಲಿ ಹಳೇ ಜಾಗಕ್ಕೇ ಬಂದು ನಿಂತಿದ್ದೆ. ಮತ್ತೆ ಬಿಡೋಕೆ ಐದು ತಿಂಗಳು ಹಿಡಿಯಿತು.

ಯಾಕೆ ಹೀಗಾಗುತ್ತೆ ಅಂತ ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಎಣ್ಣೆ ಮಿದುಳನ್ನು ಒತ್ತಿ ಮಂಕು ಮಾಡುತ್ತೆ. ದಿನಾ ಒತ್ತುತ್ತಿದ್ದರೆ ಮಿದುಳೂ ಸುಮ್ನೆ ಇರಲ್ಲ, ಎದುರು ತಳ್ಳೋದು ಕಲಿಯುತ್ತೆ. ಎಣ್ಣೆ ನಿಲ್ಲಿಸಿದ ದಿನ ಒತ್ತುವ ಕೈ ಹೋಯ್ತು, ತಳ್ಳುವ ಬಲ ಹಾಗೇ ಉಳಿಯಿತು. ಅದಕ್ಕೇ ಎಚ್ಚರ, ಬೆವರು, ಗಾಬರಿ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ: ಕುಡಿದು ಮಲಗಿದಾಗ ಕನಸು ಬೀಳುವ ನಿದ್ದೆ ಕಮ್ಮಿಯಾಗುತ್ತೆ, ರಾತ್ರಿಯ ಎರಡನೇ ಅರ್ಧ ಪೂರಾ ಹರಿದ ಬಟ್ಟೆ. ಬಿಟ್ಟ ಮೇಲೆ ಬಾಕಿ ಇದ್ದ ಕನಸೆಲ್ಲ ಒಟ್ಟಿಗೆ ಬರುತ್ತೆ. ಕನಸಲ್ಲಿ ಕುಡಿದು, ಬೆಳಿಗ್ಗೆ ಎದ್ದು ಬಾಯಿ ಮೂಸಿ ನೋಡಿಕೊಂಡಿದ್ದೇನೆ ನಾನು. ನಿಮಗೂ ಬಂದರೆ ಹೆದರಬೇಡಿ.

ಇದಕ್ಕೆ ದಿನಗಳಲ್ಲ, ವಾರಗಳು ಬೇಕು. ಕೆಲವರಿಗೆ ತಿಂಗಳುಗಳೇ. ನನಗೆ ಎರಡನೇ ಸಲ ಮೂರನೇ ವಾರದ ಹೊತ್ತಿಗೆ ಒಂದೇ ಸಮ ಮೂರು ಗಂಟೆ ನಿದ್ದೆ ಸಿಕ್ಕಿತು, ಎರಡೂವರೆ ತಿಂಗಳಿಗೆ ಮನುಷ್ಯನಾದೆ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಹೊತ್ತಿನಲ್ಲಿ, ನಾವು ಏನು ಮಾಡುತ್ತೇವೆ? ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿರುತ್ತೆ, ಸೊಪ್ಪು ಹಾಕಿದರೂ ಮೂಸಲ್ಲ. ಆಗ ಸುಣ್ಣ ಉದುರಿಸಿ, ಹಾಸಿಗೆ ಒಣಗಿಸಿ, ಕೈ ಕಟ್ಟಿಕೊಂಡು ಕಾಯುತ್ತೇವೆ. ಈಗ ಜ್ವರಕ್ಕೆ ಕೂತಿರೋದು ನೀವು, ಅಷ್ಟೇ.

ಇಲ್ಲಿ ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಬೆಳಿಗ್ಗೆ ಎದ್ದ ಕೂಡಲೇ ಬೇಕು, ಇಲ್ಲದಿದ್ದರೆ ಕೈ ನಡುಗುತ್ತೆ ಅನ್ನುವವರು ಇದನ್ನೋದಿ ಇವತ್ತೇ ಮನೆಯಲ್ಲಿ ಕೂತು ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಇಲ್ಲದ್ದು ಕಾಣೋದು, ಜಾಗ, ಹೊತ್ತು ಗೊತ್ತಾಗದಿರೋದು, ಮೈಯೆಲ್ಲ ನಡುಕ, ಜ್ವರ ಬಂದರೆ ಅದು ಜೀವಕ್ಕೇ ಅಪಾಯ. ದೆವ್ವ ಮೆಟ್ಟಿದೆ ಅಂತ ತಾಯಿತ ಕಟ್ಟಿಸೋಕೆ ಓಡಬೇಡಿ, ನೇರ ಆಸ್ಪತ್ರೆಗೆ. ಅಲ್ಲಿ ಔಷಧಿ ಕೊಟ್ಟು, ಬಿ1 ವಿಟಮಿನ್ ಕೊಟ್ಟು ಇಳಿಸುತ್ತಾರೆ. ಅಣ್ಣ 18 ದಿನ ದಾಟಿದ್ದಾರೆ, ಆ ಗಂಡಾಂತರ ಕಳೆದಿದೆ.

ಈಗ ನಿಮ್ಮ ರಾತ್ರಿಯ ವಿಷಯ. ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕೇಳೋಕೆ ಹುಚ್ಚುತನ ಅನಿಸುತ್ತೆ: ಹಾಸಿಗೆಯಲ್ಲಿ ಕಳೆಯೋ ಹೊತ್ತು ಕಮ್ಮಿ ಮಾಡಿದ್ದು. ನಿದ್ದೆ ಬರೋದೇ ಐದು ಗಂಟೆ, ಆದರೆ ಒಂಬತ್ತಕ್ಕೇ ಮಲಗಿ ಆರರವರೆಗೆ ಹೊರಳಾಡುತ್ತಿದ್ದೆ. ಡಾಕ್ಟರ್ ಹೇಳಿದರು, ಹನ್ನೊಂದೂವರೆಗೆ ಮಲಗು, ಐದಕ್ಕೆ ಏಳು. ನಿದ್ದೆ ಬಂದಿರಲಿ ಬಿಟ್ಟಿರಲಿ, ಐದು ಅಂದರೆ ಐದು. ಮಧ್ಯಾಹ್ನ ಮಲಗೋ ಹಾಗಿಲ್ಲ. ಮೊದಲ ವಾರ ಹೆಂಡತಿ ಮೇಲೆಲ್ಲ ರೇಗಾಡಿದೆ. ಎರಡನೇ ವಾರ ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಎಳೆಯೋಕೆ ಶುರುವಾಯ್ತು. ನಿದ್ದೆ ಗಟ್ಟಿಯಾದ ಮೇಲೆ ವಾರಕ್ಕೆ ಕಾಲು ಗಂಟೆ ಹಾಗೆ ಮಲಗೋ ಹೊತ್ತು ಹಿಂದಕ್ಕೆ ತಂದೆ. ಐದು ಗಂಟೆಗಿಂತ ಕಮ್ಮಿ ಮಾತ್ರ ಮಾಡಬೇಡಿ. ಫಿಟ್ಸ್ ಬಂದ ಹಿನ್ನೆಲೆ ಇದ್ದರೆ ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬೇಡಿ.

ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಹಜಾರದಲ್ಲಿ ಸಣ್ಣ ಬೆಳಕಲ್ಲಿ ಕೂತು ಅವರೆಕಾಯಿ ಸುಲಿಯಿರಿ, ಹಗ್ಗ ಹೊಸೆಯಿರಿ. ಮೊಬೈಲ್ ಬೇಡ, ಈ ಗುಂಪೂ ಬೇಡ. ರಾತ್ರಿ ಎರಡಕ್ಕೆ ಗೂಡಿನ ರೇಟು ನೋಡಿದರೆ ಯಾರಿಗೆ ನಿದ್ದೆ ಬರುತ್ತೆ? ಕಣ್ಣು ಎಳೆದಾಗ ಹೋಗಿ ಮಲಗಿ.

ಟೀ. ನಮ್ಮ ಕಸುಬಿನಲ್ಲಿ ಇದೇ ಕಳ್ಳ. ಎಣ್ಣೆ ಬಿಟ್ಟವರು ಕೈ ಖಾಲಿ ಅಂತ ದಿನಕ್ಕೆ ಹತ್ತು ಟೀ ಕುಡಿಯುತ್ತಾರೆ. ಸಂಜೆ ಆರಕ್ಕೆ ಕುಡಿದ ಟೀಯ ಅರ್ಧ ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತೆ. ಮಧ್ಯಾಹ್ನದ ಊಟದ ಮೇಲೆ ನಿಲ್ಲಿಸಿ. ಬೀಡಿಯೂ ಹಾಗೇ, ಅದು ಎಚ್ಚರಿಸುವ ವಸ್ತು. ತಂಬಾಕಿನ ಹೊಗೆ ಹುಳಕ್ಕೆ ವಿಷ ಅಂತ ಶೆಡ್ಡಿನ ಹೊರಗೆ ನಿಂತು ಸೇದುತ್ತೀರಿ, ನಿಮ್ಮ ಎದೆಗೂಡೇನು ಕಬ್ಬಿಣವಾ? ಎಣ್ಣೆ, ಬೀಡಿ ಎರಡನ್ನೂ ಒಟ್ಟಿಗೆ ಬಿಡಿ ಅಂತ ನಾನು ಒತ್ತಾಯ ಮಾಡಲ್ಲ. ಮಲಗೋ ಎರಡು ಗಂಟೆ ಮೊದಲಿನಿಂದ ಸೇದಬೇಡಿ, ಸಾಕು.

ಊಟ ಬಿಡಬೇಡಿ. ಕುಡಿಯುವಾಗ ರಾತ್ರಿ ಊಟ ಅನ್ನೋದೇ ಇರಲ್ಲ, ಆ ಅಭ್ಯಾಸ ಹಾಗೇ ಉಳಿದಿರುತ್ತೆ. ಎಂಟರ ಒಳಗೆ ಮುದ್ದೆ, ಸಾರು, ಹೊಟ್ಟೆ ಬಿರಿಯುವಷ್ಟಲ್ಲ. ಸಿಹಿ ತಿನ್ನೋ ಆಸೆ ಬರುತ್ತೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳಿ, ಸಕ್ಕರೆ ಕಾಯಿಲೆ ಇಲ್ಲದಿದ್ದರೆ. ಏಳರಿಂದ ಒಂಬತ್ತು, ಅದು ಕುಡಿಯುತ್ತಿದ್ದ ಹಳೇ ಹೊತ್ತು. ಆಗ ಬಸ್ ಸ್ಟ್ಯಾಂಡ್ ಕಡೆ ಕಾಲು ತಾನೇ ಹೋಗುತ್ತೆ. ನಾನು ಆ ಎರಡು ಗಂಟೆಯನ್ನು ಹಸುವಿಗೆ, ಸ್ನಾನಕ್ಕೆ ಕೊಟ್ಟೆ.

ಮೆಡಿಕಲ್ ಶಾಪಿನಲ್ಲಿ ಗುರುತಿನವರನ್ನು ಕೇಳಿ ನಿದ್ದೆ ಮಾತ್ರೆ ತರಬೇಡಿ. ಆಲ್ಪ್ರಾಜೋಲಮ್ ಥರದ್ದು ಎಣ್ಣೆಯ ತಮ್ಮನೇ, ಅದೂ ಚಟವಾಗುತ್ತೆ. ಎಣ್ಣೆ ಜೊತೆ ಬಿದ್ದರೆ ಉಸಿರೇ ನಿಲ್ಲಬಹುದು. ಡಾಕ್ಟರ್ ನೋಡಿ, ದಿನ ಲೆಕ್ಕ ಹಾಕಿ ಕೊಟ್ಟರೆ ಅದು ಬೇರೆ. ಮನೋಚೈತನ್ಯ ಅಂತ ಯೋಜನೆ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ನಮ್ಮಲ್ಲಿ ಯಾವಾಗ ಅಂತ ವಿಚಾರಿಸಿಕೊಂಡು ಹೋಗಿ. ರಾತ್ರಿ ತೀರಾ ಕಷ್ಟವಾದರೆ ಟೆಲಿ ಮಾನಸ್, 14416. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನಿಸಿದರಂತೂ ಬೆಳಗಾಗಲಿ ಅಂತ ಕಾಯಬೇಡಿ, ಮನೆಯವರನ್ನು ಎಬ್ಬಿಸಿ. ಜೋರು ಗೊರಕೆ, ನಡುವೆ ಉಸಿರು ಕಟ್ಟುತ್ತೆ ಅಂತ ಮನೆಯವರು ಹೇಳಿದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದರ ಚಿಕಿತ್ಸೆಯೇ ಬೇರೆ.

ನಿದ್ದೆಗೆಟ್ಟ ಬೆಳಿಗ್ಗೆ ಸೊಪ್ಪು ಕತ್ತರಿಸುವ ಮೆಷಿನ್ ಹತ್ತಿರ ಹೋಗಬೇಡಿ, ಮಗನಿಗೆ ಬಿಡಿ. ಬೈಕೂ ಅಷ್ಟೇ.

ಇನ್ನು ಸೊಪ್ಪು. ತಟ್ಟೆಯಲ್ಲಿ ಎಲೆ ಹಾಕುವ ಕಾಲದಲ್ಲಿ ನಾಲ್ಕೈದು ಸಲ ಹಾಕುತ್ತಿದ್ದೆವು. ನಿಮ್ಮದು ರ‍್ಯಾಕಿನ ಮೇಲೆ ಕಡ್ಡಿ ಸೊಪ್ಪು, ಎಲೆ ಸಮೇತ ಕೊಂಬೆಯೇ, ದಿನಕ್ಕೆ ಮೂರು ಸಲ ಸಾಕು. ಬೆಳಿಗ್ಗೆ ಐದೂವರೆ, ಮಧ್ಯಾಹ್ನ ಎರಡು, ರಾತ್ರಿ ಹತ್ತು. ರಾತ್ರಿಯದನ್ನು ಸ್ವಲ್ಪ ಜಾಸ್ತಿ ಹಾಕಿ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನೋದು ಮಳೆ ಸುರಿದ ಹಾಗೆ ಕೇಳಿಸುತ್ತೆ, ಆಗಲೂ ಒಂದು ಗಂಟೆಗೆ ಏಳೋದು ಬೇಕಿಲ್ಲ. ಹತ್ತಕ್ಕೆ ಸೊಪ್ಪು ಹಾಕಿ, ಕೈಕಾಲು ತೊಳೆದು, ಹನ್ನೊಂದೂವರೆಗೆ ಮಲಗಿ. ಈ ಬೆಳೆಯಲ್ಲಿ ಎಷ್ಟು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಯ ಗುಂಪಿಗೇ ನಾವು ಒಂದು ಮೊಟ್ಟೆ ಅನ್ನೋದು) ಸಾಕಿದ್ದೀರಿ ಅಂತ ಬರೆದಿಲ್ಲ. ನೂರರ ಮೇಲಿದ್ದರೆ ಹುಳ ಹಣ್ಣಾಗೋ ಎರಡು ದಿನಕ್ಕೆ ಈಗಲೇ ಆಳು ಹೇಳಿಟ್ಟುಕೊಳ್ಳಿ.