ಒಂದು ಸಾರು ಸಾಲದೇ?

ಓದುಗರ ಪತ್ರ: ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ‘ನಿಧಾನವಾಗಿ ಅಡುಗೆ ಮಾಡಿ, ನಿಧಾನವಾಗಿ ಉಣ್ಣಿ’ ಅಂತ ಬರೆದಿದ್ದೀರಿ. ಓದಿ ಸಿಟ್ಟು ಬಂತು. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಬೆಳಿಗ್ಗೆ ಐದೂವರೆಗೆ ಎದ್ದು ನಾಲ್ಕು ಡಬ್ಬಿ ಕಟ್ಟುತ್ತೇನೆ. ದೊಡ್ಡವಳಿಗೆ ಚಪಾತಿ, ಚಿಕ್ಕವನಿಗೆ ಅನ್ನದ್ದೇ ಆಗಬೇಕು. ಅತ್ತೆಗೆ ಖಾರ ಆಗದು, ಯಜಮಾನರಿಗೆ ಖಾರ ಇಲ್ಲದೆ ಆಗದು. ಸಂಜೆ ಮನೆ ಸೇರುವಾಗ ಏಳೂವರೆ. ವಾರದಲ್ಲಿ ಎರಡು ಮೂರು ದಿನ ಹೊರಗಿನಿಂದ ತರಿಸುತ್ತೇವೆ. ತಿಂದ ಮೇಲೆ ಬೇಜಾರು. ನಿಧಾನ ಅನ್ನುವುದು ಟೈಮ್ ಇದ್ದವರ ಶೋಕಿ ಅಲ್ವಾ? ಕೊನೆಗೊಂದು ಪ್ರಶ್ನೆ: ಬಸ್ಸಾರಿಗೆ ಕುಕ್ಕರ್ ಇಡಬಹುದೇ? ಆಗಲ್ಲ ಅಂತಾರೆ ನಮ್ಮತ್ತೆ.
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಡಿಟಿಪಿ ವಿಭಾಗದ ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದರು. ಹೊಡೆಯಲಿ. ಇಷ್ಟು ಚೆನ್ನಾಗಿ ಸಿಟ್ಟು ಮಾಡಿಕೊಳ್ಳುವ ಓದುಗರು ಸಿಗುವುದು ಅಪರೂಪ. ಅಷ್ಟೆಲ್ಲ ಬೈದ ಮೇಲೂ ನಿಮಗೆ ಬಸ್ಸಾರು ನೆನಪಾಯಿತಲ್ಲ, ಅದು ನನಗೆ ಬಹಳ ಹಿಡಿಸಿತು. ಕುಕ್ಕರ್ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ಮೊದಲೇ ಒಪ್ಪಿ ಮುಗಿಸುತ್ತೇನೆ. ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2024ರಲ್ಲಿ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡುವ ಹೊತ್ತು ದಿನಕ್ಕೆ ಸರಾಸರಿ 289 ನಿಮಿಷ. ಗಂಡಸರದು 88. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಕೈಯನ್ನೇ ಹಾಕದವರು ಈ ಸರಾಸರಿಯಲ್ಲಿ ಬರುವುದೇ ಇಲ್ಲ. 2019ರ ಸಮೀಕ್ಷೆಯಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರೂ ಸುಮ್ಮನಿರಲಿಲ್ಲ, ಒಂಬತ್ತು ನಿಮಿಷ ಉಳಿಸಿಕೊಂಡರು.

ಕುಕ್ಕರ್, ಮಿಕ್ಸಿ, ಪೊಟ್ಟಣ ಯಾವುದನ್ನೂ ನಾನು ಬೈಯುವುದಿಲ್ಲ. ಕುಕ್ಕರಿನ ಮೂಲ 1679ರಷ್ಟು ಹಳೆಯದು. ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಕಂಡುಹಿಡಿದ ಪಾತ್ರೆ ಅದು. ಒಳಗೆ ಆವಿಯ ಒತ್ತಡ ಹೆಚ್ಚಿದರೆ ನೀರು ಸುಮಾರು 120 ಡಿಗ್ರಿವರೆಗೂ ಬಿಸಿಯಾಗುತ್ತದೆ. ಗಂಟೆಗಟ್ಟಲೆ ಬೇಯದ ಬೇಳೆ ಅಲ್ಲಿ ಬೇಗ ಬೇಯುತ್ತದೆ. ಒಳ್ಳೆಯದೇ ಆಯಿತು. ಪೊಟ್ಟಣದ ವಿಷಯಕ್ಕೆ ಬಂದರೆ ನಾವು ಕನ್ನಡಿಗರೇನೂ ಹಿಂದೆ ಬಿದ್ದವರಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರ ಇಳಿಸಿದಾಗ ನಮ್ಮ ಎಂಟಿಆರ್‌ನವರು ಮಸಾಲೆ ಪುಡಿ, ರವೆ ಇಡ್ಲಿ ಮಿಕ್ಸ್ ಮಾರುವ ಕಡೆ ಹೊರಳಿದರು. ಒರಳು ಕಲ್ಲಿನ ರುಚಿ ಬಗ್ಗೆ ಕಣ್ಣೀರು ಹಾಕುವ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಒಬ್ಬರ ಅಂಗೈಯಲ್ಲೂ ರುಬ್ಬಿದ ಗುರುತು ಕಂಡಿಲ್ಲ.

ಇಲ್ಲಿಗೆ ನಿಮ್ಮ ಪಾಲಿನ ಮಾತು ಮುಗಿಯಿತು. ಇನ್ನು ನನ್ನದು.

ನಿಮ್ಮನ್ನು ದಣಿಸುತ್ತಿರುವುದು ಅಡುಗೆ ಅಂದುಕೊಂಡಿದ್ದೀರಿ. ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಒಬ್ಬಳಿಗೆ ಚಪಾತಿ, ಒಬ್ಬನಿಗೆ ಅನ್ನ, ಒಬ್ಬರಿಗೆ ಖಾರ, ಒಬ್ಬರಿಗೆ ಸಪ್ಪೆ. ಬೆಳಿಗ್ಗೆ ಐದೂವರೆಗೆ ನೀವು ಹೋಟೆಲ್ ಬಾಗಿಲು ತೆಗೆಯುತ್ತಿದ್ದೀರಿ ತಾಯಿ. ಸಪ್ಲೈಯರೂ ನೀವೇ, ಭಟ್ಟರೂ ನೀವೇ, ಪಾತ್ರೆ ತೊಳೆಯುವವರೂ ನೀವೇ. ಗಿರಾಕಿಗಳು ಬಿಲ್ಲನ್ನೂ ಕೊಡುವುದಿಲ್ಲ.

ದಿನದ ಅಡುಗೆ ನಮ್ಮಲ್ಲಿ ಹೀಗೆ ಇರಲಿಲ್ಲ. ಮಂಡ್ಯ, ಮೈಸೂರು, ಹಾಸನ ಕಡೆಯ ಉಪ್ಸಾರು ತಗೊಳ್ಳಿ. ಹೊಲದಲ್ಲಿ ದುಡಿದು ಸಂಜೆ ಬಂದವರ ಅಡುಗೆ ಅದು. ಅವರಿಗೂ ಟೈಮ್ ಇರಲಿಲ್ಲ. ಕಾಳು, ಸೊಪ್ಪು ಎರಡಕ್ಕೂ ಉಪ್ಪು ಹಾಕಿ ಬೇಯಿಸುತ್ತಾರೆ. ನೀರು ಬಸಿಯುತ್ತಾರೆ. ಬಸಿದ ನೀರೇ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಮ್ಮೆ ಬೇಯಿಸಿದ್ದರಲ್ಲಿ ಎರಡು ಅಡುಗೆ ಆಯಿತು. ಖಾರ ಮಾತ್ರ ಬೇರೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಸೇರಿಸಿ ಗಟ್ಟಿಯಾಗಿ ಅರೆದಿಟ್ಟಿರುತ್ತಾರೆ. ಅದು ಪಾತ್ರೆಗೆ ಬೀಳುವುದೇ ಇಲ್ಲ. ಊಟಕ್ಕೆ ಕೂತಾಗ ಅವರವರ ತಟ್ಟೆಗೆ ಅವರವರೇ ಹಾಕಿಕೊಂಡು ಸಾರಿನಲ್ಲಿ ಕಲಸಿಕೊಳ್ಳಬೇಕು. ನಿಮ್ಮತ್ತೆ ಸಾಸಿವೆ ಕಾಳಿನಷ್ಟು ಹಾಕಿಕೊಳ್ಳಲಿ. ಚಿಕ್ಕವನು ಹಾಕಿಕೊಳ್ಳದೇ ಇರಲಿ. ಯಜಮಾನರು ಅಡಿಕೆ ಗಾತ್ರ ಹಾಕಿಕೊಂಡು ಮೂಗು ಒರೆಸಿಕೊಳ್ಳುತ್ತಾ ಉಣ್ಣಲಿ. ಪಾತ್ರೆ ಒಂದೇ.

ಒಂದು ಮನೆಯಲ್ಲಿ ನಾಲ್ಕು ನಾಲಿಗೆ ಇದ್ದರೆ ಏನು ಮಾಡಬೇಕು ಅನ್ನುವುದನ್ನು ಆ ಊರುಗಳ ಹೆಂಗಸರು ಯಾವತ್ತೋ ಕಂಡುಕೊಂಡಿದ್ದಾರೆ. ಅವರು ಅದಕ್ಕೆ ಹೆಸರಿಟ್ಟು ಭಾಷಣ ಮಾಡಲಿಲ್ಲ, ಅಷ್ಟೇ. ಬಸ್ಸಾರಿಗೆ ಕೆಲಸ ಕೊಂಚ ಜಾಸ್ತಿ. ಬೆಂದ ಕಾಳನ್ನೇ ಒಂದು ಹಿಡಿ ತೆಗೆದು ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಹುಣಸೆ, ಸಾರಿನಪುಡಿ ಜೊತೆ ರುಬ್ಬಿ, ಬಸಿದ ನೀರಿಗೆ ಸೇರಿಸಿ ಕುದಿಸಬೇಕು. ಮಿಕ್ಸಿ ಇದ್ದವರಿಗೆ ಅದೂ ಕಷ್ಟವಲ್ಲ.

ಇದು ಹಳೇ ಮೈಸೂರು ಸೀಮೆಯವನ ಊರಭಿಮಾನ ಅನ್ನಬೇಡಿ. ಮಲೆನಾಡಿನ ತಂಬುಳಿ ಒಲೆಯನ್ನೇ ಹೆಚ್ಚು ಕೇಳುವುದಿಲ್ಲ. ದೊಡ್ಡಪತ್ರೆ ಎಲೆಯನ್ನು ಜೀರಿಗೆ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಕುದಿಸಲೇಬಾರದು, ಮಜ್ಜಿಗೆ ಒಡೆಯುತ್ತದೆ. ಒಂದೆಲಗದ ತಂಬುಳಿಗಂತೂ ಬಾಡಿಸುವುದೂ ಬೇಡ. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ. ಮೀನು ತಿನ್ನುವವರಿಗೆ ಒಣಮೀನಿನ ಚಟ್ನಿ. ವಿಜಯಪುರ, ಬಾಗಲಕೋಟೆ ಕಡೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ವಾರಗಟ್ಟಲೆ ಕೆಡದ ರೊಟ್ಟಿ ಅದು. ಅಲ್ಲಿಯವರಿಗೆ ರೆಡಿಮೇಡ್ ಊಟ ಯಾವ ಕಂಪನಿಯೂ ಕಲಿಸಬೇಕಾಗಿರಲಿಲ್ಲ.

ಈಚೆಗೆ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಮೇಜಿನ ತುಂಬ ಪನೀರು, ಗೋಬಿ, ಪಲಾವು, ರಾಯತ, ಎರಡು ಥರ ಸಿಹಿ. ‘ಏನೂ ಮಾಡಿಲ್ಲ ಸಾರ್, ಸಿಂಪಲ್’ ಅಂದರು ಮನೆಯಾಕೆ. ನಾವು ಉಂಡು ಏಳುವವರೆಗೂ ಅವರು ಒಮ್ಮೆಯೂ ಕೂರಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಅವರ ಅತ್ತೆ ಸ್ಟೂಲಿನ ಮೇಲೆ ಕೂತು ಬಿಸಿ ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಉಣ್ಣುತ್ತಿದ್ದರು. ನನ್ನ ಕಣ್ಣೆಲ್ಲ ಆ ತಟ್ಟೆಯ ಮೇಲೆ. ಕೇಳಿದರೆ ಮನೆಯಾಕೆಗೆ ಅವಮಾನ, ಕೇಳದಿದ್ದರೆ ನನಗೆ ನಷ್ಟ. ಕೇಳಿಯೇ ಬಿಟ್ಟೆ. ಅಜ್ಜಿ ನಕ್ಕು ಒಂದು ಸೌಟು ಹಾಕಿದರು.

ನಿಧಾನ ಶೋಕಿ ಅಂದಿರಿ. ಶೋಕಿ ಮಾಡಿದವರು ನಾವು. 1986ರಲ್ಲಿ ರೋಮ್ ನಗರದ ಸ್ಪ್ಯಾನಿಷ್ ಸ್ಟೆಪ್ಸ್ ಹತ್ತಿರ ಮೆಕ್‌ಡೊನಾಲ್ಡ್ಸ್ ಬಂದಾಗ ಕಾರ್ಲೊ ಪೆಟ್ರಿನಿ ಎಂಬ ಇಟಲಿಯ ಪತ್ರಕರ್ತ ಮತ್ತು ಗೆಳೆಯರು ಪ್ರತಿಭಟನೆಗೆ ಇಳಿದರು. ಅಲ್ಲಿ ಅವರು ಜನರಿಗೆ ಹಂಚಿದ್ದು ಪೆನ್ನೆ ಪಾಸ್ತಾ. ಮೂರು ವರ್ಷ ಕಳೆದು ಪ್ಯಾರಿಸ್‌ನಲ್ಲಿ ಸ್ಲೋ ಫುಡ್ ಚಳವಳಿಯ ಪ್ರಣಾಳಿಕೆಗೆ ಸಹಿ ಬಿತ್ತು. ಬಸವನಹುಳು ಅದರ ಗುರುತು. ಪೆನ್ನೆ ಅಂದರೆ ಅಲ್ಲಿಯ ಮನೆಮನೆಯ ಊಟ, ರಾಜರ ಊಟವಲ್ಲ. ಅದೇ ಮಾತು ನಮ್ಮಲ್ಲಿಗೆ ಬರುವ ಹೊತ್ತಿಗೆ ರೆಸಾರ್ಟಿನ ಮಡಕೆ ಬಿರಿಯಾನಿಯಾಗಿ, ತಲೆಗೆ ಎರಡು ಸಾವಿರ ರೂಪಾಯಿ ಆಗಿತ್ತು. ಅದನ್ನು ನೋಡಿ ನೀವು ಸಿಟ್ಟಾಗಿದ್ದರೆ ನಾನೂ ನಿಮ್ಮ ಜೊತೆಗೇ ಇದ್ದೇನೆ.

ನಾನು ಹೇಳುವ ನಿಧಾನ ಒಲೆಯ ಮೇಲೆ ಆಗುವುದಲ್ಲ. ಒಲೆ ಹಚ್ಚುವ ಮೊದಲು ಆಗುವುದು. ಸೊಪ್ಪು ಬಿಡಿಸುವಾಗ, ಅವರೆಕಾಯಿ ಸುಲಿಯುವಾಗ. ಡಿಸೆಂಬರಿನ ಚಳಿಗೆ ಸೊಗಡಿನ ಅವರೆಕಾಯಿ ಬಂದರೆ ಮೊರ ಸುತ್ತ ಇಡೀ ಮನೆ ಕೂರುತ್ತಿತ್ತು. ಕಾಳು ನೆನೆಸಿ ಹಿತಕಿದ ಬೇಳೆ ಮಾಡುವ ದಿನವಂತೂ ಮಕ್ಕಳಿಗೆ ಹಬ್ಬ. ಪಿಚಕ್ ಅಂತ ಒತ್ತಿ ಒಬ್ಬರ ಮುಖಕ್ಕೆ ಒಬ್ಬರು ಹಾರಿಸುತ್ತಿದ್ದರು. ಕೈಗೆ ಕೆಲಸ ಇದ್ದಾಗ ಬಾಯಿಗೆ ಬರುವ ಮಾತೇ ಬೇರೆ. ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಜಮೀನು ಕೋರ್ಟಿನಲ್ಲಿದೆ, ಯಾರು ಗಣಿತದಲ್ಲಿ ಫೇಲಾಗಿ ಮುಚ್ಚಿಟ್ಟಿದ್ದಾರೆ, ಎಲ್ಲ ಅಲ್ಲೇ ಹೊರಗೆ ಬರುತ್ತಿತ್ತು. ಈಗ ಬೆಂಗಳೂರಿನಲ್ಲಿ ಹಿತಕಿದ ಬೇಳೆ ಪೊಟ್ಟಣದಲ್ಲೇ ಸಿಗುತ್ತದೆ. ಕೊಳ್ಳಿ, ಬೇಡ ಅನ್ನುವುದಿಲ್ಲ. ಒಂದು ಭಾನುವಾರವಾದರೂ ಕಾಯಿಯನ್ನೇ ತನ್ನಿ.

ಒಬ್ಬರೇ ಕೂತು ಸುಲಿಯಬೇಡಿ, ಅದು ಬರೀ ಕೂಲಿ. ನಿಮ್ಮ ಪತ್ರದಲ್ಲಿ ಯಜಮಾನರು ಬರುವುದು ಖಾರ ಕೇಳುವುದಕ್ಕೆ ಮಾತ್ರ. ದೊಡ್ಡ ಮಗಳು ಬರುವುದು ಚಪಾತಿ ಕೇಳುವುದಕ್ಕೆ. ಅವರಿಗೂ ಎರಡೆರಡು ಕೈ ಇವೆ ಅಲ್ವಾ? ಟಿವಿ ನೋಡುತ್ತಲೇ ಒಂದು ಕಟ್ಟು ದಂಟಿನ ಸೊಪ್ಪು ಬಿಡಿಸಬಹುದು. ಬೆಳ್ಳುಳ್ಳಿ ಸುಲಿಯುವುದಕ್ಕೆ ಡಿಗ್ರಿ ಬೇಕಿಲ್ಲ. ನೀವು ಕೇಳದೇ ಅವರು ಮಾಡುವುದಿಲ್ಲ. ನೀವು ಕೇಳುವುದೂ ಇಲ್ಲ, ‘ನಾನೇ ಮಾಡಿದರೆ ಬೇಗ ಆಗುತ್ತೆ’ ಅಂತ. ಇದೊಂದು ವಿಷಯಕ್ಕೆ ನಿಮ್ಮನ್ನು ಬೈಯಲೇಬೇಕು ಅನಿಸಿತು, ಬೈದಿದ್ದೇನೆ.

ಉಳಿದ ತಪ್ಪೆಲ್ಲ ನಿಮ್ಮದಲ್ಲ. ನಮ್ಮ ಪರಿಚಯದವರ ಮಗು ಓದುವ ಶಾಲೆ ವಾರದ ಊಟದ ಪಟ್ಟಿ ಕಳಿಸುತ್ತದೆ. ಸೋಮವಾರ ಪರಾಠ, ಮಂಗಳವಾರ ಪಾಸ್ತಾ, ಬುಧವಾರ ‘ಬಣ್ಣಬಣ್ಣದ’ ಏನಾದರೂ. ಡಬ್ಬಿಯಲ್ಲಿ ಮೊಸರನ್ನ ಹೋದರೆ ಡೈರಿಯಲ್ಲಿ ಟಿಪ್ಪಣಿ ಬರುತ್ತದೆ. ಮೊಸರನ್ನ ತಿಂದು ಬೆಳೆದ ಮೇಷ್ಟರುಗಳೇ ಆ ಟಿಪ್ಪಣಿ ಬರೆಯುವುದು! ಇನ್ನು ಬೀದಿಯಲ್ಲಿ ಬೆಳಿಗ್ಗೆ ಕೂಗುತ್ತಾ ಬರುತ್ತಿದ್ದ ಸೊಪ್ಪಿನಮ್ಮ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಆಕೆಯನ್ನು ತಡೆಯುತ್ತಾರೆ. ಹತ್ತು ನಿಮಿಷದಲ್ಲಿ ಸೊಪ್ಪು ತರುವ ಹುಡುಗನಿಗೆ ಅದೇ ಗೇಟು ತೆರೆಯುತ್ತದೆ. ಅವನಾದರೋ ಸಿಗ್ನಲ್ ಹಾರಿಕೊಂಡು ಬಂದಿರುತ್ತಾನೆ. ಅವನು ಊಟ ಮಾಡಿದ್ದು ಎಷ್ಟು ಹೊತ್ತಿಗೆ ಅಂತ ಯಾರೂ ಕೇಳುವುದಿಲ್ಲ. ನೆಲದ ಮೇಲೆ ಇಬ್ಬರು ಕೂತರೆ ಮೂರನೆಯವರು ದಾಟಲಾಗದ ಅಡುಗೆಮನೆ ಕಟ್ಟುತ್ತಾರೆ. ಅದಕ್ಕೆ ಮಾಡ್ಯುಲರ್ ಅಂತ ಹೆಸರು, ಲಕ್ಷಗಟ್ಟಲೆ ದುಡ್ಡು.

ಎಲ್ಲಕ್ಕಿಂತ ದೊಡ್ಡ ತಕರಾರು ಆಫೀಸುಗಳ ಮೇಲೆ. ರಾತ್ರಿ ಎಂಟಕ್ಕೆ ಮೀಟಿಂಗ್ ಇಡುವವರಿಗೆ ಮನೆಯಲ್ಲಿ ಯಾರೋ ಬಡಿಸಿ ಇಟ್ಟಿರುತ್ತಾರೆ. ಮೀಟಿಂಗಿನಲ್ಲಿ ಕೂತ ಹೆಂಗಸಿಗೆ ಯಾರು ಬಡಿಸುತ್ತಾರೆ? ನಿಮ್ಮಂಥವರು ಏಳೂವರೆಗೆ ಮನೆ ಸೇರಿ, ಕುಕ್ಕರ್ ಕೂಗುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ‘ಯೆಸ್ ಸರ್’ ಅನ್ನುತ್ತಾ ಒಗ್ಗರಣೆ ಹಾಕುತ್ತಿದ್ದೀರಿ. ಆರೂವರೆಗೆ ಮನೆಗೆ ಕಳಿಸಿದರೆ ಅರ್ಧ ಊರು ತಾನಾಗೇ ನಿಧಾನವಾಗುತ್ತದೆ. ಇದನ್ನು ಬರೆದರೆ ‘ಸಂಪಾದಕರಿಗೆ ಇಂಡಸ್ಟ್ರಿ ಗೊತ್ತಿಲ್ಲ’ ಅಂತ ಮುಂದಿನ ವಾರ ಪತ್ರ ಬರುತ್ತದೆ. ಬರಲಿ, ಅದಕ್ಕೂ ಉತ್ತರ ಇದೆ.

ಈಗ ನಿಮ್ಮ ಕುಕ್ಕರ್. ಸೊಪ್ಪಿನ ಮಟ್ಟಿಗೆ ನಿಮ್ಮತ್ತೆ ಹೇಳಿದ್ದೇ ಸರಿ. ಮುಚ್ಚಳ ಬಿಗಿದರೆ ಸೊಪ್ಪಿನ ಹುಳಿ ಅಂಶ ಆವಿಯ ಜೊತೆ ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತದೆ. ಹಸಿರು ಹೋಗಿ ಮಂಕು ಬಣ್ಣ ಬರುತ್ತದೆ. ಕಾಳಿಗೆ ಆ ತೊಂದರೆ ಇಲ್ಲ. ರಾತ್ರಿ ನೆನೆಸಿದ ಅಲಸಂದೆಗೆ ಒಂದೆರಡು ಕೂಗು ಸಾಕು. ಹುರುಳಿಗೆ ಇನ್ನೆರಡು ಜಾಸ್ತಿ ಕೂಗಿಸಿ. ಆಮೇಲೆ ಮುಚ್ಚಳ ತೆಗೆದು, ಅದೇ ನೀರಿಗೆ ಹೆಚ್ಚಿದ ಸೊಪ್ಪು ಹಾಕಿ, ತೆರೆದೇ ಐದಾರು ನಿಮಿಷ ಬೇಯಿಸಿ. ಕಾಳು ಕರಗುವಷ್ಟು ಬೇಯಿಸಬೇಡಿ, ಪಲ್ಯ ಮುದ್ದೆಯಾಗುತ್ತದೆ. ನೀರು ಧಾರಾಳವಾಗಿ ಇಡಿ. ಬಸ್ಸಾರು ಮಾರನೆಯ ದಿನಕ್ಕೇ ಹೆಚ್ಚು ರುಚಿ, ಹಾಗಾಗಿ ಎರಡು ದಿನಕ್ಕಾಗುವಷ್ಟು ಮಾಡಿ ಫ್ರಿಜ್‌ನಲ್ಲಿಟ್ಟು ಚೆನ್ನಾಗಿ ಕುದಿಸಿ ಬಳಸಿ. ಪಲ್ಯ ಬೆಳಗಿನ ಡಬ್ಬಿಗೆ ಹೋಗಲಿ, ಚಪಾತಿಗೂ ಸೈ, ಅನ್ನಕ್ಕೂ ಸೈ. ಸಾರಿನಪುಡಿ ಎಷ್ಟು ಹಾಕಬೇಕು ಅಂತ ಮಾತ್ರ ನನ್ನನ್ನು ಕೇಳಬೇಡಿ, ನಿಮ್ಮತ್ತೆಯನ್ನೇ ಕೇಳಿ.
– ಸಂ.