ಬಾನುಲಿ ನಾಟಕಕ್ಕೆ ಮೊದಲು ಬೇಕಾದದ್ದು ಮೈಕ್ ಅಲ್ಲ

ರಂಗದ ಮೇಲೆ ಗೆದ್ದ ನಾಟಕವನ್ನು ಬಾನುಲಿಗೆ ಅಳವಡಿಸಲು ಯಾವ ಮೈಕ್ ಕೊಳ್ಳಬೇಕು, ಮಳೆ ಗುಡುಗಿನ ಶಬ್ದಗಳನ್ನು ಎಲ್ಲಿಂದ ತರಬೇಕು ಎಂದು ಕೇಳಿದ್ದೀರಿ. ಸೋಮವಾರಪೇಟೆ ಕಡೆಯ ನಮ್ಮ ಹವ್ಯಾಸಿ ತಂಡವೂ ಇವೇ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟಿತ್ತು. ಎರಡಕ್ಕೂ ಉತ್ತರ ಸಿಕ್ಕಿತು. ನಾಟಕ ಮಾತ್ರ ಕೇಳುಗರನ್ನು ತಲುಪಲಿಲ್ಲ.

ನಮ್ಮ ನಾಟಕದ ವಸ್ತು ಒಂದು ಕಾಫಿ ತೋಟದ ಮನೆಯ ಪಾಲುಪಟ್ಟಿ. ಮೂವರು ಅಣ್ಣತಮ್ಮಂದಿರು ಜಗಲಿಯಲ್ಲಿ ಕುಳಿತು ತೋಟ, ಗದ್ದೆ, ಮನೆಗಳ ಲೆಕ್ಕ ಹಾಕುತ್ತಾ ಜಗಳಕ್ಕೆ ಬೀಳುತ್ತಾರೆ. ತಾಯಿ ಕಂಬಕ್ಕೆ ಒರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಮೊದಲ ದೃಶ್ಯದಲ್ಲಿ ನಾಲ್ಕು ಮಾತನಾಡಿದ ಮೇಲೆ ಅವಳು ಬಾಯಿ ತೆರೆಯುವುದೇ ಇಲ್ಲ. ಕೊನೆಯಲ್ಲಿ ಎದ್ದು, ಸೊಂಟದ ಬೀಗದಕೈ ಗೊಂಚಲನ್ನು ಬಿಚ್ಚಿ ನೆಲದ ಮೇಲಿಟ್ಟು ಒಳಗೆ ಹೋಗುತ್ತಾಳೆ. ನೋಡುತ್ತಿದ್ದ ಜನ ಆ ಗಳಿಗೆಗೆ ಉಸಿರು ಬಿಗಿಹಿಡಿಯುತ್ತಿದ್ದರು. ಬಾನುಲಿಗಾಗಿ ತಿದ್ದುವಾಗ ನಾನು ರಂಗಸೂಚನೆಗಳನ್ನು ತೆಗೆದು, ಅವುಗಳ ಜಾಗದಲ್ಲಿ ಒಬ್ಬ ನಿರೂಪಕನನ್ನು ತಂದು, ಧಾರಾಳವಾಗಿ ಮಳೆಯನ್ನು ಸುರಿಸಿದೆ. ಬೇರೊಂದು ಜಿಲ್ಲೆಯ ಬಾನುಲಿ ಕೇಂದ್ರದಿಂದ ಅದು ಪ್ರಸಾರವಾಯಿತು. ರಂಗಪ್ರಯೋಗವನ್ನು ನೋಡಿದ್ದವರು ಮೆಚ್ಚಿಕೊಂಡರು. ನೋಡದೆ ಇದ್ದವರು ಕೇಳಿದ ಪ್ರಶ್ನೆ ಒಂದೇ: "ತಾಯಿ ಯಾವಾಗ ತೀರಿಕೊಂಡಳು?"

ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಲೇಬೇಕು. ರಂಗದ ಮೇಲೆ ಸುಮ್ಮನೆ ಕುಳಿತ ಪಾತ್ರವನ್ನು ಪ್ರೇಕ್ಷಕರು ಪ್ರತಿ ಕ್ಷಣವೂ ನೋಡುತ್ತಿರುತ್ತಾರೆ. ಮಕ್ಕಳ ಒಂದೊಂದು ಮಾತೂ ಅವಳ ಮುಖಕ್ಕೆ ತಗುಲಿಯೇ ಅವರನ್ನು ಮುಟ್ಟುತ್ತದೆ. ಬಾನುಲಿಯಲ್ಲಿ ಕೇಳಿಸದ ಪಾತ್ರ ಸುಮ್ಮನಿಲ್ಲ, ಅದು ಅಲ್ಲಿ ಇಲ್ಲವೇ ಇಲ್ಲ. "ತಾಯಿ ಮೌನವಾಗಿ ಕುಳಿತಿದ್ದಳು" ಎಂದು ನಿರೂಪಕ ಹೇಳಿದ್ದ ನಿಜ, ಆದರೆ ಅಣ್ಣತಮ್ಮಂದಿರ ಜಗಳ ಏರಿದಂತೆ ಆ ವಾಕ್ಯ ಕೇಳುಗರ ಮನಸ್ಸಿನಿಂದ ಜಾರಿಹೋಗಿತ್ತು. ಜಗಳದ ನಡುವೆ ಒಬ್ಬ ಮಗನೂ "ಅಮ್ಮ, ನೀನಾದರೂ ಹೇಳು" ಎಂದು ಅವಳ ಕಡೆ ತಿರುಗುವಂತೆ ನಾನು ಬರೆದಿರಲಿಲ್ಲ. ರಂಗದ ಮೇಲೆ ಅವರು ಅವಳತ್ತ ಕಣ್ಣು ಹಾಯಿಸುತ್ತಿದ್ದರು, ಅಷ್ಟೇ ಸಾಕಾಗಿತ್ತು. ಹೀಗಾಗಿ ಕೊನೆಯಲ್ಲಿ ಬೀಗದಕೈಗಳ ಸದ್ದು ಬಂದಾಗ ಅದು ಯಾರ ಕೈಯಿಂದ ಬಂತೆಂದು ತಿಳಿಯಲಿಲ್ಲ. ನಮ್ಮ ಮುಂದಿನ ಹಸ್ತಪ್ರತಿ ಹಿಂದಕ್ಕೆ ಬಂತು. ತಾಯಿಯ ಪಾತ್ರ ಮಾಡಿದ್ದ ಹಿರಿಯ ಕಲಾವಿದೆ ಮತ್ತೆ ಬಾನುಲಿಯ ಕಡೆಗೆ ಬರಲಿಲ್ಲ. ನನಗೆ ಇಂದಿಗೂ ನೋವಾಗುವುದು ಅದಕ್ಕೆ.

ಕಣ್ಣಿಗೆ ಕಾಣದಿರುವುದನ್ನು ಕೊರತೆಯೆಂದು ತಿಳಿದು ನಿರೂಪಕನಿಂದ ಮುಚ್ಚಲು ಹೋಗಬೇಡಿ, ಕಥೆಯನ್ನೇ ಅದಕ್ಕೆ ಹೊಂದಿಸಿ. ಬಾನುಲಿಗಾಗಿಯೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದಾದ ರಿಚರ್ಡ್ ಹ್ಯೂಸ್ ಅವರ 'ಡೇಂಜರ್' 1924ರ ಜನವರಿ 15ರಂದು ಬಿಬಿಸಿಯಿಂದ ಪ್ರಸಾರವಾಯಿತು. ಅದು ನಡೆಯುವುದು ದೀಪಗಳು ಆರಿಹೋದ ಕಲ್ಲಿದ್ದಲ ಗಣಿಯೊಳಗೆ. ಪಾತ್ರಗಳಿಗೂ ಏನೂ ಕಾಣದು, ಕೇಳುಗರಿಗೂ ಏನೂ ಕಾಣದು. ಆದ್ದರಿಂದ ಪಾತ್ರಗಳು ಪರಸ್ಪರ ಕೂಗಿ ಕರೆಯುವುದು, ತಡಕಾಡುವುದು ಎಲ್ಲವೂ ಸಹಜವಾಗಿಬಿಡುತ್ತವೆ. ಇನ್ನು ಮೌನದ ವಿಚಾರಕ್ಕೆ ಬಂದರೆ, 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಅಮೆರಿಕದ ಸಿಬಿಎಸ್ ಜಾಲದಲ್ಲಿ ಎಚ್.ಜಿ. ವೆಲ್ಸ್ ಅವರ, ಮಂಗಳ ಗ್ರಹವಾಸಿಗಳ ದಾಳಿಯ ಕಾದಂಬರಿಯನ್ನು ಸುದ್ದಿಪ್ರಸಾರದ ರೂಪದಲ್ಲಿ ಪ್ರಸ್ತುತಪಡಿಸಿದ್ದನ್ನು ನೋಡಿ. ವರದಿಗಾರ ಉಸಿರುಗಟ್ಟಿ ವಿವರಿಸುತ್ತಿರುವಾಗಲೇ ಅವನ ಧ್ವನಿ ತಟ್ಟನೆ ಕಡಿದುಹೋಗಿ ಕೆಲವು ಕ್ಷಣ ಏನೂ ಕೇಳಿಸುವುದಿಲ್ಲ. ಆ ಖಾಲಿಯೇ ನಾಟಕದ ಅತಿ ಭೀಕರ ಭಾಗ, ಏಕೆಂದರೆ ಅದಕ್ಕೂ ಮೊದಲು ಅಷ್ಟು ಸದ್ದು ತುಂಬಿತ್ತು. ನಡೆಯುತ್ತಿದ್ದ ಸದ್ದು ನಿಂತಾಗಲೇ ಬಾನುಲಿಯಲ್ಲಿ ಮೌನ ಕೇಳಿಸುತ್ತದೆ.

ಇದು ಮನವರಿಕೆಯಾದ ಮೇಲೆ ನಾನು ಅದೇ ನಾಟಕವನ್ನು ಮತ್ತೆ ಬರೆದೆ. ತಾಯಿಗೆ ಹೊಸದಾಗಿ ಒಂದು ಮಾತನ್ನೂ ಕೊಡಲಿಲ್ಲ, ಒಂದು ಅಡಕತ್ತರಿಯನ್ನು ಕೊಟ್ಟೆ. ಮಕ್ಕಳ ಮಾತಿನ ಹಿಂದೆ ಅಡಕೆ ಕತ್ತರಿಸುವ ಸದ್ದು ನಿಧಾನವಾಗಿ ನಡೆಯುತ್ತಿರುತ್ತದೆ. ಹಿರಿಯ ಮಗ "ಅಮ್ಮ ಯಾರ ಪಾಲಿಗೆ?" ಎಂದು ಕೇಳಿದಾಗ ಅದು ನಿಲ್ಲುತ್ತದೆ. ನಿರೂಪಕನನ್ನು ಪೂರ್ತಿಯಾಗಿ ಕೈಬಿಟ್ಟೆ; ನಿಮ್ಮ ನಾಟಕದಲ್ಲಿಯೂ ಅವನು ಬೇಡ.

ಮೈಕ್ ಬಗ್ಗೆ ಹೇಳುವುದಾದರೆ, ಅದರ ಬೆಲೆಗಿಂತ ಅದರ ಮುಂದೆ ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದು ಮುಖ್ಯ. ಹಿಂದಿನ ಸ್ಟುಡಿಯೊಗಳಲ್ಲಿದ್ದ ರಿಬ್ಬನ್ ಮೈಕ್ ಮುಂದಿನಿಂದಲೂ ಹಿಂದಿನಿಂದಲೂ ಧ್ವನಿಯನ್ನು ಹಿಡಿಯುತ್ತಿತ್ತು, ಎರಡು ಪಕ್ಕಗಳಲ್ಲಿ ಕಿವುಡಾಗಿತ್ತು. ನಟರು ಎದುರುಬದುರು ನಿಂತು ಮಾತನಾಡುತ್ತಿದ್ದರು. ಪಾತ್ರ ಹೊರಟುಹೋಗುವಾಗ ಪಕ್ಕಕ್ಕೆ ಸರಿದರೆ ಧ್ವನಿಯೂ ದೂರವಾಗುತ್ತಿತ್ತು. ಈಗ ನೀವು ಯಾವ ಮೈಕ್ ಬಳಸಿದರೂ ನಟರನ್ನು ಅದಕ್ಕೆ ಅಂಟಿಕೊಂಡು ಓದಲು ಬಿಡದೆ, ಜಗಲಿಯವನು, ಅಂಗಳದವನು, ಒಳಕೋಣೆಯವಳು ಎಂದು ದೂರ ಗೊತ್ತುಮಾಡಿ ನಿಲ್ಲಿಸಿ. ಸಲಕರಣೆ ಸಾಲದೆಂಬ ಅಳುಕು ಬೇಡ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಕೇವಲ 30 ವಾಟ್ ಪ್ರಸಾರಯಂತ್ರದಿಂದ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದ್ದರು. ಮಡಿಕೇರಿ ಆಕಾಶವಾಣಿಯಂತಹ ಕೇಂದ್ರಕ್ಕೆ ಹಸ್ತಪ್ರತಿ ಕಳುಹಿಸುವುದಾದರಂತೂ ಸ್ಟುಡಿಯೊ, ಮೈಕ್ ಎರಡೂ ಅಲ್ಲಿಯೇ ಇರುತ್ತವೆ.

ಮಳೆಯ ಸದ್ದನ್ನು ಬಯಲಿನಲ್ಲಿ ಹಿಡಿದರೆ ಬಾಣಲೆಯಲ್ಲಿ ಎಣ್ಣೆ ಸಿಡಿದಂತೆ ಕೇಳುತ್ತದೆ. ಕೊಡಗಿನ ಅಸಲಿ ಮಳೆಯೇ ಆದರೂ ಹಾಗೆಯೇ. ನಾವು ಹಿಡಿದದ್ದು ಅಸಲಿ ಮಳೆಯನ್ನೇ. ಸೂರಿನ ನೀರು ಹಂಡೆಗೆ ಬೀಳುವುದನ್ನೋ ಕೆಸುವಿನ ಎಲೆಯ ಮೇಲೆ ತೊಟ್ಟಿಕ್ಕುವುದನ್ನೋ ಹತ್ತಿರದಿಂದ ಹಿಡಿದರೆ ಮಳೆಯೂ ಅದು ಬೀಳುವ ಜಾಗವೂ ಒಟ್ಟಿಗೆ ಮನಸ್ಸಿಗೆ ಬರುತ್ತವೆ.

ಧ್ವನಿಮುದ್ರಣಕ್ಕೆ ಮೊದಲು ನಟರನ್ನು ಪರದೆಯ ಹಿಂದೆ ಕೂರಿಸಿ ಇಡೀ ನಾಟಕವನ್ನು ಓದಿಸಿ. ಕಥೆ ತಿಳಿಯದ ಇಬ್ಬರು ಮೂವರನ್ನು ಈಚೆ ಕೂರಿಸಿ, ನಡುವೆ ನಿಲ್ಲಿಸಿ, ಈಗ ಜಗಲಿಯಲ್ಲಿ ಯಾರ‍್ಯಾರು ಇದ್ದಾರೆ ಎಂದು ಕೇಳಿ. ಅವರು ಯಾರ ಹೆಸರನ್ನು ಬಿಡುತ್ತಾರೋ ಆ ಪಾತ್ರದ ಮಾತನ್ನೋ ಸದ್ದನ್ನೋ ಆ ಪುಟದಲ್ಲೇ ಸೇರಿಸಿ. ನೀವೇ ಧ್ವನಿಮುದ್ರಿಸುವುದಾದರೆ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಅದು ಸಾಧ್ಯವಿಲ್ಲ. ಕಾಫಿ ಕೊಯ್ಲು ಮುಗಿದು ನಟರು ಬಿಡುವಾದ ಮೇಲೆ, ಕಾಫಿ ಗಿಡಗಳನ್ನು ಹೂಬಿಡಿಸುವ ಹೂಮಳೆ ಬೀಳುವ ಮೊದಲು ಸಿಗುವ ಅವಧಿಯಲ್ಲಿ, ಗೋಡೆಗಳಿಗೆ ದಪ್ಪ ಕಂಬಳಿಗಳನ್ನು ನೇತುಹಾಕಿದ ಕೋಣೆಯಲ್ಲಿ ಮುದ್ರಿಸಿಕೊಳ್ಳಿ.