ಕ್ಯಾಮೆರಾ 25, ಫೋನ್ 30: ಟೈಮ್‌ಲೈನ್ ಯಾವುದಕ್ಕೆ ಇಡಬೇಕು?

ನೀವು ಹೇಳಿದ್ದು ಇಷ್ಟು. ಸಂದರ್ಶನದ ಬಹುಪಾಲು ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್‌ನಲ್ಲಿದೆ (ಫ್ರೇಮ್ ಎಂದರೆ ವಿಡಿಯೊದ ಒಂದು ಬಿಡಿ ಚಿತ್ರ). ಎರಡನೇ ಆ್ಯಂಗಲ್ ಸ್ಟ್ಯಾಂಡ್ ಮೇಲಿಟ್ಟ ಫೋನಿನದು, 30 ಫ್ರೇಮ್, 4ಕೆ. ಫೋನ್ ಕ್ಲಿಪ್ಪನ್ನೇ ಮೊದಲು ಎಳೆದು ಹಾಕಿದ್ದರಿಂದ ಟೈಮ್‌ಲೈನ್, ಅಂದರೆ ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ, 30 ಆಗಿದೆ. ಈಗ ಕ್ಯಾಮೆರಾ ಶಾಟ್‌ಗಳು ಜರ್ಕ್ ಹೊಡೆಯುತ್ತವೆ, ಫೋನ್ ಶಾಟ್‌ನಲ್ಲಿ ತುಟಿಗೂ ಮಾತಿಗೂ ತಾಳೆಯಾಗುತ್ತಿಲ್ಲ. ಇವು ಎರಡು ಬೇರೆ ಬೇರೆ ತೊಂದರೆಗಳು.

ಜರ್ಕ್ ಸುಲಭ. 25ರ ಕ್ಲಿಪ್ 30ರ ಟೈಮ್‌ಲೈನ್‌ನಲ್ಲಿ ಕೂತರೆ ಸೆಕೆಂಡಿಗೆ 5 ಫ್ರೇಮ್ ಸಾಲದು. ಐದಕ್ಕೊಂದು ಫ್ರೇಮನ್ನು ಎರಡು ಸಲ ತೋರಿಸಿ ಸಾಫ್ಟ್‌ವೇರ್ ಜಾಗ ತುಂಬುತ್ತದೆ. ಕ್ಯಾಮೆರಾ ತಿರುಗುವಾಗ ಅದು ಎದ್ದು ಕಾಣುತ್ತದೆ. ನಿಮ್ಮಲ್ಲಿ 25ರದ್ದೇ ಜಾಸ್ತಿ, ಆದ್ದರಿಂದ ಟೈಮ್‌ಲೈನ್ 25 ಇಡಿ. ಆಗ ಫೋನ್ ಕ್ಲಿಪ್‌ನಲ್ಲಿ ಆರಕ್ಕೊಂದು ಫ್ರೇಮ್ ಬಿಟ್ಟುಹೋಗುತ್ತದೆ, ನಿಜ. ಆದರೆ ಅಲುಗಾಡದ ಶಾಟ್ ಅಲ್ವಾ, ಯಾರಿಗೂ ಗೊತ್ತಾಗುವುದಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಮಾಡಿಟ್ಟ ಟೈಮ್‌ಲೈನ್‌ನ ಫ್ರೇಮ್ ರೇಟ್ ಬದಲಿಸಲು ಬಿಡುವುದಿಲ್ಲ. ಎಡಿಟ್ ಹೆಚ್ಚು ಮುಂದೆ ಹೋಗಿಲ್ಲದಿದ್ದರೆ ಹೊಸದನ್ನೇ ಮಾಡಿ.

ನಿಜವಾದ ತಲೆನೋವು ತುಟಿಗೂ ಮಾತಿಗೂ ತಾಳೆಯಾಗದ ಫೋನ್ ಫೈಲಿನದು. ಅದು 30 ಎಂದು ತೋರಿಸಿದರೂ ಒಳಗೆ ಹಲವು ಸಲ ಒಂದೇ ವೇಗದಲ್ಲಿ ಇರುವುದಿಲ್ಲ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಫ್ರೇಮ್‌ಗಳ ನಡುವಿನ ಅಂತರ ಹಿಗ್ಗಿ ಕುಗ್ಗುತ್ತದೆ. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಒಮ್ಮೆ ನಾನು ಒಂದು ಗಂಟೆಯ ಮಾತುಕತೆಯನ್ನು ಹೀಗೆ ಎಡಿಟ್ ಮಾಡಿದ್ದೆ. ಶುರುವಿನಲ್ಲಿ ಎಲ್ಲ ಸರಿ, ಕೊನೆಗೆ ಬರುವಷ್ಟರಲ್ಲಿ ಮಾತು ಮುಂದೆ, ತುಟಿ ಹಿಂದೆ. ಆಡಿಯೊ ತುಂಡು ಮಾಡಿ ಸರಿಸುತ್ತಾ ಎರಡು ರಾತ್ರಿ ಕಳೆದೆ. ನೀವು ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ.

ಫೈಲನ್ನು ಮೀಡಿಯಾಇನ್ಫೋದಲ್ಲಿ (ಫೈಲಿನ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದು ಫ್ರೇಮ್ ರೇಟ್ ಮೋಡ್ ನೋಡಿ. ವೇರಿಯಬಲ್ ಎಂದಿದ್ದರೆ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ಗೆ ಹಾಕಿ. ಅಲ್ಲಿ ಫ್ರೇಮ್ ರೇಟ್ 30, ಜೊತೆಗೆ ಕಾನ್‌ಸ್ಟಂಟ್ (ಒಂದೇ ವೇಗ) ಆರಿಸಿ. ಕ್ವಾಲಿಟಿಯ ಆರ್‌ಎಫ್ ಸಂಖ್ಯೆಯನ್ನು 16–18ಕ್ಕೆ ಇಳಿಸಿ. ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಅದರ ಮಾಮೂಲಿ ಪ್ರಿಸೆಟ್ 4ಕೆಯನ್ನು 1080ಕ್ಕೆ ಇಳಿಸಿಬಿಡುತ್ತದೆ, ಅಳತೆಯನ್ನೂ ಒಮ್ಮೆ ನೋಡಿಕೊಳ್ಳಿ. ಬಂದ ಹೊಸ ಫೈಲನ್ನೇ ಎಡಿಟ್‌ಗೆ ಬಳಸಿ.

ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಇಂಟರ್‌ಪ್ರೆಟ್ ಫೂಟೇಜ್‌ ಎಂಬ ಸೆಟ್ಟಿಂಗ್‌ನಲ್ಲಿ 30ನ್ನು ಸುಮ್ನೆ 25 ಮಾಡಿ ಎಂದು ಯಾರಾದರೂ ಹೇಳಿಯಾರು. ಬೇಡ. 10 ನಿಮಿಷದ ಕ್ಲಿಪ್ 12 ನಿಮಿಷ ಆಗುತ್ತದೆ, ಮಾತು ಎಳೆದಂತೆ ಕೇಳುತ್ತದೆ. 50 ಫ್ರೇಮ್‌ನ ಶಾಟನ್ನು 25ರಲ್ಲಿ ಸ್ಲೋ ಮೋಷನ್ ಮಾಡಲು ಮಾತ್ರ ಅದು ಒಳ್ಳೆಯ ದಾರಿ.

4ಕೆ ಕ್ಲಿಪ್ 1080ರ ಟೈಮ್‌ಲೈನ್‌ನಲ್ಲಿ ವಿಪರೀತ ಝೂಮ್ ಆಗಿ ಕಂಡರೆ ಪ್ರೀಮಿಯರ್‌ನಲ್ಲಿ ಸೆಟ್ ಟು ಫ್ರೇಮ್ ಸೈಜ್ ಒತ್ತಿ. ಸ್ಕೇಲ್ ಟು ಫ್ರೇಮ್ ಸೈಜ್ ಬೇರೆ. ಅದನ್ನು ಒತ್ತಿದರೆ 4ಕೆಯ ಹೆಚ್ಚುವರಿ ವಿವರ ಹೋಗುತ್ತದೆ, ಆಮೇಲೆ ಝೂಮ್ ಮಾಡಿದರೆ ಚಿತ್ರ ಮಸುಕಾಗುತ್ತದೆ.

ಎಡಿಟ್ ಶುರು ಮಾಡುವ ಮುನ್ನ ಹೊಸ ಫೋನ್ ಫೈಲಿನ ಕೊನೆಯ ಒಂದು ನಿಮಿಷ ಹಾಕಿ ನೋಡಿ. ಪ, ಬ, ಮ ಬರುವ ಮಾತುಗಳಲ್ಲಿ ತುಟಿ ಮುಚ್ಚುವುದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಹೊಂದಿಕೊಂಡರೆ ಮುಂದುವರಿಯಿರಿ.